ಅಜ್ಜಿಯ ಫೈಲು ಯಾರ ಹತ್ರ ಇದೆ?

ಹೋದ ಯುಗಾದಿ ಹೊತ್ತಿಗೆ ನಮ್ಮಜ್ಜಿಯ ಪಾದ ಊದಿಕೊಂಡವು. ಬ್ಯಾಡರಹಳ್ಳಿಯ ನಮ್ಮ ಮನೆಯಲ್ಲಿ ಎಲ್ಲರಿಗೂ ಕಿಡ್ನಿಯದ್ದೇ ಭಯ. ಒಂದು ಆಸ್ಪತ್ರೆಯಲ್ಲಿ ರಕ್ತ, ಮೂತ್ರ, ಸ್ಕ್ಯಾನು ಎಲ್ಲ ಆಯಿತು. ಊತ ಇಳಿಯಲೆಂದು ಹೊಸ ಮಾತ್ರೆಯೊಂದು ಸೇರಿತು. ಕೊನೆಗೆ ವಿಷಯ ಗೊತ್ತಾಗಿದ್ದು ಮಾಗಡಿ ರಸ್ತೆಯ ಮೆಡಿಕಲ್ ಶಾಪಿನಲ್ಲಿ. ‘ಈ ಎರಡು ಸ್ಟ್ರಿಪ್‌ಗಳ ಹೆಸರು ಬೇರೆ, ಒಳಗಿರೋದು ಒಂದೇ ಅಮ್ಲೋಡಿಪಿನ್. ಅಜ್ಜಿ ಎರಡೂ ತಗೊಳ್ತಿದ್ದಾರಾ?’ ಅಂದರು ಅಂಗಡಿಯಣ್ಣ. ಹೌದು, ಎರಡು ತಿಂಗಳಿಂದ! ಒಂದನ್ನು ಬಿ.ಪಿ. ಡಾಕ್ಟರು ಬರೆದಿದ್ದರು. ಮಂಡಿನೋವಿಗೆಂದು ಹೋದಲ್ಲಿ ಬಿ.ಪಿ. ನೋಡಿ ಇನ್ನೊಬ್ಬರು ಇನ್ನೊಂದನ್ನು ಬರೆದಿದ್ದರು. ಆ ಮಾತ್ರೆಯ ಡೋಸ್ ಹೆಚ್ಚಾದರೆ ಪಾದ ಊದುವುದು ಗೊತ್ತಿರುವ ಅಡ್ಡಪರಿಣಾಮವಂತೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೆ.

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಓದುತ್ತಿರುವ ದೊಡ್ಡಪ್ಪನ ಮಗಳಿಗೆ ಇದನ್ನು ಹೇಳಿದೆ. ‘ಅಜ್ಜಿಗೆ ಅಂತ ಒಬ್ಬರು ಜಿ.ಪಿ. ಇದ್ದಿದ್ರೆ ಹೀಗಾಗ್ತಿರಲಿಲ್ಲ ಕಣೋ’ ಅಂದಳು. ನನಗೆ ಗೊತ್ತಿದ್ದ ಜಿ.ಪಿ. ಅಂದರೆ ಗ್ರಾಮ ಪಂಚಾಯಿತಿ!

ಅಲ್ಲಿ ಜಿ.ಪಿ. ಅಂದರೆ ಜನರಲ್ ಪ್ರಾಕ್ಟೀಷನರ್, ಮನೆ ಡಾಕ್ಟರು. 1948ರ ಜುಲೈ 5ರಂದು ಶುರುವಾದ ಎನ್‌ಎಚ್‌ಎಸ್ ಎಂಬ ಸರ್ಕಾರಿ ವ್ಯವಸ್ಥೆ ನಿಂತಿರುವುದೇ ಇವರ ಮೇಲೆ. ಊರಿಗೆ ಹೋದವರು ಮನೆ ಹತ್ತಿರದ ಕ್ಲಿನಿಕ್ಕಿನ ಪಟ್ಟಿಯಲ್ಲಿ ಹೆಸರು ಬರೆಸಬೇಕು. ತುರ್ತು ಬಿಟ್ಟರೆ, ದೊಡ್ಡ ಆಸ್ಪತ್ರೆಯ ತಜ್ಞರನ್ನು ನೋಡಲು ಸಾಮಾನ್ಯವಾಗಿ ಜಿ.ಪಿ. ಪತ್ರ ಬೇಕು. ನೋಡಿದ ತಜ್ಞರು ಏನು ಮಾಡಿದೆವೆಂದು ಜಿ.ಪಿ.ಗೇ ತಿರುಗಿ ಬರೆಯುತ್ತಾರೆ. ಮನೆ ಬದಲಿಸಿ ಬೇರೆ ಕ್ಲಿನಿಕ್ಕಿಗೆ ಸೇರಿದರೆ ದಾಖಲೆಯೂ ಹಿಂದೆಯೇ ಬರುತ್ತದೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ದುಡ್ಡಿನ ಲೆಕ್ಕ. ಅಲ್ಲಿನ ಬಹುತೇಕ ಕ್ಲಿನಿಕ್ಕುಗಳು ಸರ್ಕಾರದ್ದಲ್ಲ; ಡಾಕ್ಟರುಗಳೇ ಪಾಲುದಾರರಾಗಿ, ಎನ್‌ಎಚ್‌ಎಸ್ ಜೊತೆ ಒಪ್ಪಂದ ಮಾಡಿಕೊಂಡು ನಡೆಸುತ್ತಾರೆ. ಅವರ ಆದಾಯದ ಮುಖ್ಯ ಭಾಗ ಬರುವುದು ಪಟ್ಟಿಯಲ್ಲಿರುವ ತಲೆಗಳ ಲೆಕ್ಕದಲ್ಲಿ. ವಯಸ್ಸಾದವರಿಗೆ ಸ್ವಲ್ಪ ಹೆಚ್ಚು. ನೀವು ವರ್ಷಕ್ಕೆ ಒಂದು ಸಲ ಹೋದರೂ ಹತ್ತು ಸಲ ಹೋದರೂ ಆ ದುಡ್ಡು ಅಷ್ಟೇ. 2004ರಿಂದ ಬಿ.ಪಿ., ಶುಗರ್ ರೋಗಿಗಳನ್ನು ಚೆನ್ನಾಗಿ ನೋಡಿಕೊಂಡರೆ ಪ್ರತ್ಯೇಕ ಹಣವೂ ಇದೆ. ಅಂದರೆ ನಮ್ಮಜ್ಜಿಗೆ ಇನ್ನೊಂದು ಸ್ಕ್ಯಾನ್ ಬರೆದುಕೊಟ್ಟರೆ ಅಲ್ಲಿನ ಡಾಕ್ಟರಿಗೆ ಏನೂ ಲಾಭವಿಲ್ಲ.

ಹಾಗಂತ ಅದು ಸ್ವರ್ಗವಲ್ಲ. ಬೆಳಿಗ್ಗೆ 8 ಗಂಟೆಗೆ ಅಪಾಯಿಂಟ್‌ಮೆಂಟಿಗೆ ಫೋನ್ ಹಿಡಿದು ಕೂರುವುದು ತತ್ಕಾಲ್ ಟಿಕೆಟ್ ಬುಕ್ ಮಾಡಿದ ಹಾಗೆ ಅಂತಾಳೆ ಅಕ್ಕ. ಸಿಕ್ಕರೂ ಹತ್ತು ನಿಮಿಷ. ತಜ್ಞರ ಚಿಕಿತ್ಸೆಗೆ 18 ವಾರದ ಗಡುವಿದೆ, ಅದನ್ನೂ ಮೀರಿ ಕಾಯುವವರು ಬಹಳ. ಓದಲು ಹೋಗುವ ಗೆಳೆಯರು ಇದನ್ನೂ ಗಮನಿಸಿ: ಅಕ್ಕ ವೀಸಾ ಜೊತೆಗೇ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿದ್ದಳು.

ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ‘ನಮ್ಮ ಕ್ಲಿನಿಕ್’ ಬಂತು. ತಪಾಸಣೆ, ಔಷಧ ಎರಡೂ ಉಚಿತ. ‘ಆಭಾ’ ಎಂಬ 14 ಅಂಕಿಯ ಆರೋಗ್ಯ ಸಂಖ್ಯೆಯೂ ಇದೆ. ಅಜ್ಜಿಯದ್ದನ್ನು ಮೊಬೈಲಿನಲ್ಲಿ ನಾನೇ ಮಾಡಿಕೊಟ್ಟೆ. ಆದರೆ ‘ಈ ಅಜ್ಜಿ ನನ್ನ ಪಟ್ಟಿಯವರು’ ಅನ್ನುವ ಡಾಕ್ಟರು ಆ ಸಂಖ್ಯೆಯ ಜೊತೆ ಬರಲಿಲ್ಲ.

ಎರಡನೇ ಅಮ್ಲೋಡಿಪಿನ್ ನಿಲ್ಲಿಸಿದ್ದು ನಮ್ಮ ಬೀದಿಯ ಕೊನೆಯಲ್ಲಿ ಕ್ಲಿನಿಕ್ ಇಟ್ಟಿರುವ ಹಿರಿಯ ಡಾಕ್ಟರು. ಅಜ್ಜಿಯ ಎಲ್ಲ ಮಾತ್ರೆಗಳನ್ನೂ ನೀವೇ ಒಂದು ಕಡೆ ಬರೆದಿಡ್ತೀರಾ ಸರ್ ಅಂತ ಕೇಳಿದೆ. ನಕ್ಕರು. ‘ನೋಟ್‌ಬುಕ್ ತಂದ್ಕೊಡಪ್ಪ, ಬರೀತೀನಿ.’ ನನ್ನ ಮೂರನೇ ಸೆಮಿಸ್ಟರಿನ ನೋಟ್‌ಬುಕ್ಕಿನಲ್ಲಿ ಅರ್ಧ ಖಾಲಿ ಇತ್ತು, ಅದನ್ನೇ ಕೊಟ್ಟೆ.