ನವದಂಪತಿಗಳ ಬಿಡಾರ

ಕೊಟ್ಟೂರಿನ ಹಿರಿಯ ವಾಚಕರೊಬ್ಬರು ನಮಗೊಂದು ಪತ್ರ ಬರೆದಿರುವರು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಅಳಿಯಂದಿರು ಮದುವೆಯ ತರುವಾಯ ಹೆಂಡತಿಯೊಡನೆ ಗ್ರೀಸ್ ದೇಶದ ಸಾಂಟೊರಿನಿ ದ್ವೀಪಕ್ಕೆ ಹೋಗಬೇಕೆಂದಿರುವರಂತೆ. ಅಲ್ಲಿ ಯಾವ ಊರಿನಲ್ಲಿ ಇಳಿದುಕೊಳ್ಳಬೇಕೆಂಬ ವಿಷಯವಾಗಿ ಮನೆಯಲ್ಲಿ ವಾರದಿಂದ ವಾದ ನಡೆದಿದೆಯಂತೆ. “ಹಂಪೆಯನ್ನು ಮಗ್ಗುಲಲ್ಲಿಟ್ಟುಕೊಂಡು ಈ ಸಮುದ್ರೋಲ್ಲಂಘನವೇಕೆ? ತಾವು ನಾಲ್ಕು ಮಾತು ಬರೆಯಬೇಕು” ಎಂದು ಅವರ ಅಪೇಕ್ಷೆ. ಅಳಿಯಂದಿರನ್ನು ಹಳಿಯಲು ನಾವು ಲೇಖನಿ ಹಿಡಿದೆವೆಂದು ಅವರು ಭಾವಿಸಿದ್ದರೆ ನಿರಾಶೆಯಾದೀತು. ತರುಣರು ತಾವು ದುಡಿದ ಹಣದಲ್ಲಿ ದೇಶಾಂತರ ನೋಡಿಬಂದರೆ ಯಾರಿಗೂ ಕೆಡುಕಿಲ್ಲ. ನಮ್ಮ ಮನಸ್ಸಿಗೆ ನಾಟಿದ್ದು ಪತ್ರದ ಕೊನೆಯ ವಾಕ್ಯ: “ಮಗಳನ್ನು ಕೇಳಿಲ್ಲ, ಅವಳಿಗೇನು ತಿಳಿದೀತು.”

ಹಿಂದೆ ನಮ್ಮ ಸೀಮೆಯಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಮೈಯ ಅರಿಸಿನ ಆರುವ ಮೊದಲೇ ಮದುಮಕ್ಕಳನ್ನು ಮನೆದೇವರಿಗೆ ಕರೆದೊಯ್ಯುತ್ತಿದ್ದರು. ಕೊಟ್ಟೂರಿನ ಗುರುಬಸವೇಶ್ವರ, ಮೈಲಾರದ ಲಿಂಗಪ್ಪ, ಉಚ್ಚಂಗಿಯ ಅಮ್ಮ, ಕುರುವತ್ತಿಯ ಬಸವಣ್ಣ, ಹೀಗೆ ಅವರವರ ಒಕ್ಕಲುತನವಿದ್ದಂತೆ. ಜೊತೆಗೆ ಅತ್ತೆ, ಸೋದರತ್ತೆ, ಮೈದುನರು, ಬುತ್ತಿಯ ಗಂಟು. ರಾತ್ರಿಯಾದರೆ ಮಠದ ಪಡಸಾಲೆ, ಛತ್ರ, ಇಲ್ಲವೆ ಬೀಗರ ಮನೆ. ಇಬ್ಬರೇ ಕುಳಿತು ಮಾತನಾಡಲು ಎಡೆಯಿರಲಿಲ್ಲ. ಆ ಪದ್ಧತಿಯನ್ನು ಹೊಗಳುವವರು ಹೊಗಳಲಿ. ಅದರಲ್ಲಿ ಹೆಣ್ಣುಮಗಳ ಸುಖದುಃಖವನ್ನು ವಿಚಾರಿಸಿದವರು ಕಡಿಮೆಯೆಂಬುದನ್ನು ನಾವು ಮರೆಯಲಾರೆವು. ಮಧುಚಂದ್ರವೆಂಬ ಹೊಸ ರೂಢಿಯು ಇಬ್ಬರಿಗೂ ಏಕಾಂತವನ್ನು ದೊರಕಿಸಿತು, ನಿಜ. ಆದರೆ ಬಿಡಾರ ಗೊತ್ತುಮಾಡುವ ಅಧಿಕಾರವು ಹಿರಿಯರ ಕೈಬಿಟ್ಟು ಗಂಡನ ಕೈಗೆ ಬಂದು ಅಲ್ಲಿಯೇ ನಿಂತುಬಿಟ್ಟಿದೆ.

ಸಾಂಟೊರಿನಿಯ ಸಂಗತಿಯನ್ನೇ ನೋಡಿರಿ. ಸುಮಾರು ೩,೬೦೦ ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು ನಡುಭಾಗವು ಸಮುದ್ರದೊಳಗೆ ಕುಸಿದ ದ್ವೀಪವದು. ಪಶ್ಚಿಮಕ್ಕೆ ಗೋಡೆಯಂತೆ ನಿಂತ ಪ್ರಪಾತ. ಅದರ ನೆತ್ತಿಯಲ್ಲಿ ಫಿರಾ, ಇಮೆರೊವಿಗ್ಲಿ, ಇಯಾ ಎಂಬ ಊರುಗಳು. ಪೂರ್ವಕ್ಕೆ ಇಳಿಜಾರಾಗಿ ಸಮುದ್ರವನ್ನು ಮುಟ್ಟುವ ನೆಲ. ಅಲ್ಲಿ ಕಾಮರಿ, ಪೆರಿಸ್ಸಾ ಮೊದಲಾದ ಕರಿಮರಳಿನ ತೀರಗಳು. ಚಿತ್ರಗಳಲ್ಲಿ ಕಾಣುವ ಬಿಳಿಯ ಮನೆ, ನೀಲಿಯ ಗುಮ್ಮಟಗಳೆಲ್ಲ ಪ್ರಪಾತದ ಕಡೆಯವು. ಅಲ್ಲಿ ಸಮುದ್ರವು ಕಣ್ಣಿಗೆ ಸಿಕ್ಕುತ್ತದೆ, ಕಾಲಿಗೆ ಸಿಕ್ಕದು. ಬಾಡಿಗೆಯೂ ಅಲ್ಲಿಯೇ ಅತಿ ಹೆಚ್ಚು. ಒಂದು ಕಾಲಕ್ಕೆ ಬಡ ನಾವಿಕರು ಮೆದುಕಲ್ಲನ್ನು ಕೊರೆದು ವಾಸಮಾಡಿಕೊಂಡಿದ್ದ ಗುಹೆಮನೆಗಳೇ ಇಂದು ಶ್ರೀಮಂತರ ಶಯನಾಗಾರಗಳಾಗಿವೆ! ಏಕಾಂತಕ್ಕೆಂದು ಹಣ ತೆತ್ತವರ ಅಂಗಳದ ಮೇಲೆ ಮೇಲ್ದಾರಿಯಲ್ಲಿ ನಡೆಯುವ ಸಾವಿರ ಜನರ ದೃಷ್ಟಿ ಬೀಳುವುದುಂಟು. ಎಲ್ಲಿ ಹೋದರೂ ಮೆಟ್ಟಿಲು. ೧೯೫೬ರ ಭೂಕಂಪದಲ್ಲಿ ಈ ಊರುಗಳು ಬಹಳ ಹಾಳಾದವು. ೨೦೨೫ರ ಫೆಬ್ರವರಿಯಲ್ಲಿ ಮತ್ತೆ ದಿನವೂ ನೆಲ ನಡುಗಿದಾಗ ಹತ್ತು ಸಾವಿರಕ್ಕೂ ಹೆಚ್ಚು ಜನರು ದ್ವೀಪವನ್ನು ಬಿಟ್ಟು ಹೋದರು. ನೋಟ ಬೇಕಾದವರು ಪಶ್ಚಿಮದಲ್ಲಿ ಎರಡು ದಿನ, ನೀರು ಬೇಕಾದವರು ಪೂರ್ವದಲ್ಲಿ ನಾಲ್ಕು ದಿನ ಇರಲಿ ಎಂಬುದೇ ಅನುಕೂಲದ ದಾರಿಯೆಂದು ನಮಗೆ ತೋರುವುದು. ಆದರೆ ಯಾರಿಗೆ ಯಾವುದು ಬೇಕೆಂದು ಕೇಳಿದ ಮೇಲಲ್ಲವೆ ಗೊತ್ತಾಗುವುದು?

ಇನ್ನು ನಮ್ಮ ಮಗ್ಗುಲಿನ ದ್ವೀಪ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲೂಕುಗಳು ಹೊಸಪೇಟೆಯೊಡನೆ ಕೂಡಿ ೨೦೨೧ರಲ್ಲಿ ವಿಜಯನಗರ ಜಿಲ್ಲೆಯಾದುದರಿಂದ ಹಂಪೆಯು ಈಗ ನಮ್ಮ ಜಿಲ್ಲೆಯದೇ. (ಹರಪನಹಳ್ಳಿಯವರು ದಾವಣಗೆರೆಗೆ ಹೋಗಿ ೨೦೧೮ರಲ್ಲಿ ಬಳ್ಳಾರಿಗೆ ಮರಳಿ, ಮತ್ತೆ ಹೊಸ ಜಿಲ್ಲೆಗೆ ಬಂದವರು, ಬಿಡಾರ ಬದಲಿಸುವ ಕಷ್ಟ ಅವರಿಗೆ ತಿಳಿಯದ್ದಲ್ಲ.) ವಿರೂಪಾಕ್ಷನ ಗುಡಿಯ ಮುಂದೆ ಹೊಳೆ ದಾಟಿದರೆ ಎದುರಿಗೆ ವಿರೂಪಾಪುರ ಗಡ್ಡೆ. ಅದು ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಗೆ ಸೇರಿದ್ದು. ತುಂಗಭದ್ರೆ ಕವಲೊಡೆದು ಸುತ್ತುವ ನೆಲ, ಬತ್ತದ ಗದ್ದೆ, ಬೆನ್ನಿಗೆ ಬಂಡೆಗಳ ರಾಶಿ. ಹಲವು ವರ್ಷಗಳ ಕಾಲ ಅಲ್ಲಿ ಗುಡಿಸಲಿನಂಥ ಕೋಣೆಗಳೂ ತೂಗುಮಂಚಗಳೂ ಇದ್ದು, ಪರದೇಶದ ತರುಣರು ತಿಂಗಳುಗಟ್ಟಲೆ ಉಳಿಯುತ್ತಿದ್ದರು. ಅವರನ್ನು ನೋಡಿ ಬೆಂಗಳೂರು, ಹೈದರಾಬಾದುಗಳ ನವದಂಪತಿಗಳೂ ಬರತೊಡಗಿದರು. ಹಂಪೆಯ ಈ ದಂಡೆಯಲ್ಲಿಯೋ ಆ ಗಡ್ಡೆಯಲ್ಲಿಯೋ ಎಂಬುದು ಆಗ ಪ್ರವಾಸಿಗರ ಮೊದಲ ಪ್ರಶ್ನೆಯಾಗಿತ್ತು.

ಗಡ್ಡೆಯ ಚೆಲುವಿನಲ್ಲಿ ಎರಡು ತೊಡಕುಗಳು ಅಡಗಿದ್ದವು. ಮೊದಲನೆಯದು ನೀರು. ಸಂಜೆಯಾದೊಡನೆ ದೋಣಿ ನಿಲ್ಲುವುದು. ಆಮೇಲೆ ಹಂಪೆಗೆ ಬರಬೇಕಾದರೆ ಸುಮಾರು ೪೦ ಕಿಲೋಮೀಟರು ಸುತ್ತುದಾರಿ. ಮಳೆಗಾಲದಲ್ಲಿ ಜಲಾಶಯದ ೩೩ ಬಾಗಿಲುಗಳಿಂದ ಹೊಳೆಗೆ ನೀರು ಬಿಟ್ಟರೆ ದೋಣಿಯೂ ಇಲ್ಲ. ೨೦೧೯ರ ಆಗಸ್ಟಿನಲ್ಲಿ ನೂರಾರು ಪ್ರವಾಸಿಗರು ಗಡ್ಡೆಯಲ್ಲಿ ಸಿಕ್ಕಿಬಿದ್ದು, ದೋಣಿಗಳಿಂದಲೂ ಹೆಲಿಕಾಪ್ಟರಿನಿಂದಲೂ ಅವರನ್ನು ಹೊರತರಬೇಕಾಯಿತು. ಎರಡನೆಯದು ಕಾನೂನು. ಆ ನೆಲವು ರಕ್ಷಿತ ಪ್ರದೇಶ. ಹಂಪೆಯು ೧೯೮೬ರಿಂದ ವಿಶ್ವಪರಂಪರೆಯ ತಾಣ. ಅಲ್ಲಿಯ ಕಟ್ಟಡಗಳು ಅಕ್ರಮವೆಂದು ಉಚ್ಚ ನ್ಯಾಯಾಲಯವು ೨೦೧೫ರಲ್ಲಿ ಹೇಳಿತು. ೨೦೨೦ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೇ ಎತ್ತಿಹಿಡಿಯಿತು. ಮಾರ್ಚಿಯಲ್ಲಿ ಯಂತ್ರಗಳು ಬಂದು ಕೆಡವಿದವು. ನ್ಯಾಯಾಲಯದ ತೀರ್ಪು ಸರಿಯಾದುದೇ. ಆದರೆ ಅಷ್ಟು ವರ್ಷ ಕಣ್ಣೆದುರಿಗೆ ಕಟ್ಟಲು ಬಿಟ್ಟು, ಆಮೇಲೆ ಒಮ್ಮೆಗೇ ಕೆಡವಿದ ಆಡಳಿತದ ರೀತಿಯನ್ನು ನಾವು ಮೆಚ್ಚಲಾರೆವು. ಅಡುಗೆಯವನು, ದೋಣಿಯವನು, ಬಟ್ಟೆ ಒಗೆಯುವವಳು ಇವರಿಗೆ ಯಾವ ನ್ಯಾಯಾಲಯದ ಮೆಟ್ಟಿಲು ಗೊತ್ತು?

ಆದುದರಿಂದ ಹಂಪೆಯ ಸುತ್ತ ಇಳಿದುಕೊಳ್ಳಬಯಸುವವರು ಕಿಟಕಿಯಿಂದ ಏನು ಕಾಣುವುದೆಂದು ಕೇಳುವ ಮೊದಲು ಪರವಾನಗಿ ಇದೆಯೋ, ಕತ್ತಲಾದ ಮೇಲೆ ಮರಳುವ ದಾರಿ ಯಾವುದೋ, ಹೊಳೆ ಏರಿದರೆ ಹೊರಬೀಳುವುದು ಹೇಗೋ ಕೇಳತಕ್ಕದ್ದು. ಕಮಲಾಪುರದಲ್ಲಿ ಸರಕಾರದ ಮಯೂರ ಭುವನೇಶ್ವರಿ ಇದೆ. ಹೆಚ್ಚು ಹಣವುಳ್ಳವರಿಗೆ ಅರಮನೆಯಂಥ ವಸತಿಯೂ ಅಲ್ಲಿಯೇ ಉಂಟು. ಹೊಸಪೇಟೆಯ ಲಾಡ್ಜುಗಳಲ್ಲಿ ಗದ್ದಲ ಹೆಚ್ಚು, ಆದರೆ ಅಪರಾತ್ರಿ ವೈದ್ಯರು ಬೇಕಾದರೆ ದೂರ ಹೋಗಬೇಕಾಗಿಲ್ಲ. ಹಂಪೆಯ ಊರೊಳಗಿನ ಮನೆಕೋಣೆಗಳು ಚಿಕ್ಕವು, ಅಗ್ಗದವು. ಆನೆಗೊಂದಿಯು ಹಳೆಯ ಊರಿನ ಶಾಂತಿಯನ್ನು ಉಳಿಸಿಕೊಂಡಿದೆ; ನಮ್ಮನ್ನು ಕೇಳಿದರೆ ಅದೇ ಮೇಲು. ನಮ್ಮಲ್ಲಿ ಬಹುತೇಕ ಮದುವೆಗಳು ಚೈತ್ರ ವೈಶಾಖಗಳಲ್ಲಿ. ಆಗ ಹಗಲೆಲ್ಲ ಕಾದ ಬಂಡೆ ನಡುರಾತ್ರಿಯವರೆಗೂ ಬಿಸಿಯುಗುಳುವುದರಿಂದ ಪ್ರವಾಸವನ್ನು ಕಾರ್ತಿಕಕ್ಕೆ ಮುಂದೂಡಿದರೆ ನಷ್ಟವೇನೂ ಇಲ್ಲ.

ಸಾಣಾಪುರದ ವಿಷಯವಾಗಿ ಒಂದು ಮಾತು ಹೇಳಲೇಬೇಕು. ೨೦೨೫ರ ಫೆಬ್ರವರಿಯಲ್ಲಿ ಅಲ್ಲಿ ಬಂಡೆಯ ಮೇಲಿಂದ ಹೊಳೆಗೆ ಹಾರಿದ ತರುಣ ವೈದ್ಯೆಯೊಬ್ಬಳು ಸೆಳವಿಗೆ ಸಿಕ್ಕಿ ತೀರಿಕೊಂಡಳು. ಮರುತಿಂಗಳಲ್ಲಿ, ರಾತ್ರಿ ಕಾಲುವೆಯ ದಂಡೆಯಲ್ಲಿ ನಕ್ಷತ್ರ ನೋಡುತ್ತ ಕುಳಿತಿದ್ದವರ ಮೇಲೆ ದುಷ್ಟರು ಬಿದ್ದು, ಇಬ್ಬರು ಸ್ತ್ರೀಯರ ಮೇಲೆ ಅತ್ಯಾಚಾರವೆಸಗಿದರು. ನೀರಿಗೆ ತಳ್ಳಲ್ಪಟ್ಟ ಒಬ್ಬ ಯುವಕನು ಪ್ರಾಣ ಕಳೆದುಕೊಂಡನು. ಪ್ರವಾಸಿಗರನ್ನು ಹೆದರಿಸಲೆಂದು ನಾವಿದನ್ನು ಬರೆಯುತ್ತಿಲ್ಲ. ಬಿಡಾರವು ಎಷ್ಟು ಒಂಟಿಯಾಗಿರಬೇಕೆಂಬುದನ್ನು ಅಲ್ಲಿ ಹೆಚ್ಚು ಭಯಪಡಬೇಕಾದವಳೇ ನಿರ್ಣಯಿಸಬೇಕು ಎಂಬುದಕ್ಕಾಗಿ ಬರೆಯುತ್ತಿದ್ದೇವೆ. ಗಂಡನು ನೋಟವನ್ನು ನೋಡಿ ಕೋಣೆ ಹಿಡಿಯುತ್ತಾನೆ. ಹೆಂಡತಿಯು ಬಾಗಿಲ ಚಿಲಕವನ್ನು ನೋಡುತ್ತಾಳೆ. ತವರಿನ ಹೊರಗೆ ಮೊದಲ ಸಲ ಮಲಗುವ ಹುಡುಗಿಗೆ ಸ್ನಾನದ ಮನೆ ಎಲ್ಲಿ, ಪಕ್ಕದ ಕೋಣೆಯಲ್ಲಿ ಯಾರು ಎಂಬ ಪ್ರಶ್ನೆಗಳು ಸಣ್ಣವಲ್ಲ. ನಾಚಿಕೆಯಿಂದ ಅವಳು ಕೇಳಳು. ಕೇಳಿದರೆ ಅತ್ತೆಯವರು ಏನೆಂದಾರೋ ಎಂಬ ಅಳುಕು ಬೇರೆ.

ಇನ್ನೊಂದು ಕಿರುಕುಳವಿದೆ. ಗುರುತಿನ ಚೀಟಿಯಲ್ಲಿ ಇದೇ ಜಿಲ್ಲೆಯ ಊರಿನ ಹೆಸರನ್ನು ಕಂಡೊಡನೆ ಕೋಣೆ ಖಾಲಿಯಿಲ್ಲವೆನ್ನುವ ಲಾಡ್ಜಿನವರು ಇದ್ದಾರೆಂದು ನಮ್ಮ ವಾಚಕರು ದೂರುತ್ತಾರೆ. ದೂರದೇಶದ ಜೋಡಿಗೆ ಬಾಗಿಲು ತೆರೆಯುವವರು, ಕೈಯ ಮದರಂಗಿ ಇನ್ನೂ ಮಾಸದ ಹಡಗಲಿಯ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ “ಮದುವೆಯ ಪತ್ರ ತನ್ನಿ” ಎನ್ನುವುದು ಅಸಹ್ಯದ ನಡತೆ. ವಯಸ್ಕರಾದ ಇಬ್ಬರಿಗೆ ಕೋಣೆ ಕೊಡಬಾರದೆಂಬ ಶಾಸನವಿಲ್ಲ. ಗುರುತಿನ ಚೀಟಿ ಕೇಳಲಿ, ಪುಸ್ತಕದಲ್ಲಿ ಬರೆದುಕೊಳ್ಳಲಿ. ಅದರಾಚೆ ಅವರ ಅಧಿಕಾರವಿಲ್ಲ.

ಇಷ್ಟು ದೂರ ಹೋಗದೆ ನಮ್ಮ ಐದು ತಾಲೂಕುಗಳಲ್ಲಿಯೇ ನಾಲ್ಕು ದಿನ ಕಳೆಯಬಾರದೆ ಎಂದು ಕೇಳುವವರೂ ಇರುವರು. ನೋಡಲು ಕೊರತೆಯಿಲ್ಲ. ಹೊಳೆಯ ದಂಡೆಯಲ್ಲಿ ಕುರುವತ್ತಿಯ ಮಲ್ಲಿಕಾರ್ಜುನನ ಗುಡಿ, ಅದರ ಮದನಿಕೆಯರು. ಹರಪನಹಳ್ಳಿಯ ಬಳಿ ಬಾಗಳಿಯ ಕಲ್ಲೇಶ್ವರ. ಕೂಡ್ಲಿಗಿ ಸೀಮೆಯಲ್ಲಿ ಗುಡೇಕೋಟೆಯ ಕರಡಿಯ ಕಾಡು. ೨೦೨೪ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ, ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆ. ಆ ಕೆರೆಯ ಜಾಲಿಯ ಮರಗಳಲ್ಲಿ ಸಾವಿರಾರು ಹಕ್ಕಿಗಳು ಬಿಡಾರ ಹೂಡುವವು. ಮನುಷ್ಯರಿಗೆ ಮಾತ್ರ ರಾತ್ರಿ ತಂಗಲು ತಕ್ಕ ವಸತಿ ಈ ಸ್ಥಳಗಳಲ್ಲಿ ವಿರಳ. ಹರಿಹರದಿಂದ ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಮೇಲೆ ಹೊಸಪೇಟೆಗೆ ರೈಲಿನ ದಾರಿಯೂ ಆಗಿದೆ. ಜಿಲ್ಲಾಡಳಿತವು ಕುರುವತ್ತಿಯಲ್ಲಿಯೂ ಬಾಗಳಿಯಲ್ಲಿಯೂ ದೊಡ್ಡ ಯಾತ್ರಿನಿವಾಸದ ಮಾತು ಬಿಟ್ಟು, ಊರವರ ಮನೆಗಳಲ್ಲಿಯೇ ನಾಲ್ಕು ನಾಲ್ಕು ಕೋಣೆಗಳನ್ನು ಸಿದ್ಧಪಡಿಸಲು ನೆರವಾಗಲಿ. ಅವುಗಳ ನಕ್ಷೆಯನ್ನು ಒಪ್ಪುವ ಮೊದಲು ಆ ಮನೆಗಳ ಹೆಣ್ಣುಮಕ್ಕಳಿಗೆ ತೋರಿಸಲಿ.