ಇಂಧನ ಮಾಪಕಕ್ಕೊಂದು ಸರಳ ಪರೀಕ್ಷಕ

ಹಳೆಯ ಕಾರಿನಲ್ಲಿ ಗೋಕಾಕದಿಂದ ಹುಕ್ಕೇರಿಗೆ ಹೊರಟಿದ್ದೀರಿ ಎಂದುಕೊಳ್ಳಿ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಎಂಜಿನ್ ನಿಂತುಬಿಡುತ್ತದೆ. ಟ್ಯಾಂಕ್ ಬರಿದಾಗಿದೆ; ಮಾಪಕದ ಮುಳ್ಳು ಮಾತ್ರ ಅರ್ಧದಲ್ಲಿದೆ. ದೋಷ ಮಾಪಕದಲ್ಲಿದೆಯೇ, ತಂತಿಯಲ್ಲಿದೆಯೇ, ಟ್ಯಾಂಕಿನ ಫ್ಲೋಟ್ ಘಟಕದಲ್ಲಿದೆಯೇ?

ಅನೇಕ ಹಳೆಯ ಕಾರುಗಳಲ್ಲಿ ಮುಳ್ಳು ನಿಧಾನವಾಗಿ ಏರುವ ದ್ವಿಲೋಹ ಮಾಪಕವಿರುತ್ತದೆ. ಇಂಧನ ಇಳಿದಂತೆ ಫ್ಲೋಟ್ ಘಟಕದ ರೋಧ ಹೆಚ್ಚುತ್ತದೆ. ಪ್ರವಾಹ ತಗ್ಗಿ, ಸುರುಳಿಯ ಶಾಖ ಕಡಿಮೆಯಾಗಿ, ದ್ವಿಲೋಹ ಪಟ್ಟಿಯ ಬಾಗು ಇಳಿಯುತ್ತದೆ.

ಬೇಕಾಗುವ ಸಾಮಗ್ರಿ: 22, 68, 220 ಓಮ್‌ನ 2 ವ್ಯಾಟ್ ರೋಧಕಗಳು, ತಂತಿ, ಎರಡು ಕ್ರೊಕಡೈಲ್ ಕ್ಲಿಪ್. ಮೂಡಲಗಿಯಂಥ ಊರಿನ ಟಿ.ವಿ. ದುರಸ್ತಿ ಅಂಗಡಿಯಲ್ಲಿ ವಿಚಾರಿಸಿ.

ವಿಧಾನ: ಇಗ್ನಿಷನ್ ಆರಿಸಿ. ಫ್ಲೋಟ್ ಘಟಕದ ತಂತಿ ಬಿಚ್ಚಿ, ಅದಕ್ಕೂ ಕಾರಿನ ಲೋಹದ ಮೈಗೂ ನಡುವೆ ಒಂದು ರೋಧಕ ಜೋಡಿಸಿ. ಆಮೇಲೆ ಇಗ್ನಿಷನ್ ಹಾಕಿ, ಒಂದು ನಿಮಿಷ ಕಾಯಿರಿ. ರೋಧಕ ಬದಲಿಸುವಾಗಲೂ ಇಗ್ನಿಷನ್ ಆರಿಸಿ. 22 ಓಮ್‌ಗೆ ಮುಳ್ಳು ಪೂರ್ಣದ ಬಳಿ, 68ಕ್ಕೆ ನಡುವೆ, 220ಕ್ಕೆ ಖಾಲಿಯ ಬಳಿ ನಿಂತರೆ ದೋಷ ಫ್ಲೋಟ್ ಘಟಕದಲ್ಲಿದೆ. ಇಲ್ಲವಾದರೆ ಮಾಪಕದ ತುದಿಯಲ್ಲೇ ಪರೀಕ್ಷಿಸಿ. ಅಲ್ಲಿ ಸರಿಯಿದ್ದರೆ ತಂತಿಯನ್ನು ಶಂಕಿಸಿ.

ಎಚ್ಚರಿಕೆ: ಮಾಪಕಕ್ಕೆ ಬ್ಯಾಟರಿಯ 12 ವೋಲ್ಟ್ ನೇರ ಕೊಡಬೇಡಿ, ಸ್ಟೆಬಿಲೈಸರ್‌ನಿಂದ ಅದಕ್ಕೆ ಸುಮಾರು 10 ವೋಲ್ಟ್ ಸಿಗುತ್ತದೆ. ಪೆಟ್ರೋಲ್ ಆವಿಯ ಬಳಿ ಕಿಡಿ ಬೇಡ, ಟ್ಯಾಂಕ್ ತೆರೆಯಬೇಡಿ.

ತರಗತಿಯಲ್ಲಿ ಲೆಕ್ಕ ಹಾಕಿಸಿ: ಸುರುಳಿಯ ರೋಧ 65 ಓಮ್ ಎಂದಿಟ್ಟುಕೊಂಡರೆ ಪ್ರವಾಹ ಸುಮಾರು 115, 75, 35 ಮಿಲಿಆಂಪಿಯರ್. ಅಂತರಗಳು ಸಮವಾಗಿವೆ, ನೋಡಿದಿರಾ? ಓಮನ ನಿಯಮ ಇಲ್ಲಿ ಮುಳ್ಳಾಗಿ ಕಾಣುತ್ತದೆ.