ಎತ್ತಿನ ಗಾಡಿಯಲ್ಲಿ 1,650 ಕಿಲೋಮೀಟರ್



ಅಮೆರಿಕ ಅಂದ ಕೂಡಲೇ ನಮಗೆ ವಿಮಾನ, ರಾಕೆಟ್ ನೆನಪಾಗುತ್ತದೆ. ಆದರೆ ಅಲ್ಲಿಯೂ ಜನ ಎತ್ತಿನ ಗಾಡಿ ಕಟ್ಟಿಕೊಂಡು ತಿಂಗಳುಗಟ್ಟಲೆ ನಡೆದ ಕಾಲವೊಂದಿತ್ತು. ಹಾಗೆ ಹೋದ ಮೇರಿ ಫೀಲ್ಡಿಂಗ್ ಸ್ಮಿತ್ ಎಂಬ ತಾಯಿ ಮತ್ತು ಆಕೆಯ ಮಗ ಜೋಸೆಫ್ ವಿಷಯ ಬರೆಯುತ್ತೇನೆ.

ಇವರು ಮಾರ್ಮನ್ ಪಂಥದವರು. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬುವನು ಈ ಪಂಥ ಶುರು ಮಾಡಿದ. ಇವರು ಏಸುವನ್ನು ನಂಬುವವರೇ, ಆದರೆ ಇವರಿಗೆ ಬೈಬಲ್ ಜೊತೆಗೆ ಮಾರ್ಮನ್ ಗ್ರಂಥ ಎಂಬ ಇನ್ನೊಂದು ಪುಸ್ತಕವೂ ಪವಿತ್ರ. ಹೋದಲ್ಲೆಲ್ಲ ಅಕ್ಕಪಕ್ಕದವರಿಗೂ ಇವರಿಗೂ ಜಗಳ. ಇವರು ಒಟ್ಟಾಗಿ ಜಮೀನು ಕೊಳ್ಳುತ್ತಿದ್ದರು, ಒಟ್ಟಾಗಿ ಓಟು ಹಾಕುತ್ತಿದ್ದರು. ಮುಖಂಡರು ಒಬ್ಬರಿಗಿಂತ ಹೆಚ್ಚು ಹೆಂಡಿರನ್ನು ಮದುವೆಯಾಗುತ್ತಿದ್ದರು ಎಂಬ ಸಿಟ್ಟೂ ಇತ್ತು. (ಈ ಪದ್ಧತಿ ನಿಲ್ಲಿಸುತ್ತೇವೆಂದು ಅವರು 1890ರಲ್ಲಿ ಪ್ರಕಟಿಸಿದರು.) 1838ರಲ್ಲಿ ಮಿಸೌರಿ ರಾಜ್ಯದ ಗವರ್ನರ್ ಇವರನ್ನು ಓಡಿಸಿ ಎಂದು ಅಪ್ಪಣೆ ಮಾಡಿದ. ಆಮೇಲೆ ಇಲಿನಾಯ್ ರಾಜ್ಯದಲ್ಲಿ ನದಿ ದಂಡೆಯ ಮೇಲೆ ನಾವೂ ಎಂಬ ಊರು ಕಟ್ಟಿದರು. 1844ರ ಜೂನ್ 27ರಂದು ಜನರ ಗುಂಪು ಜೈಲಿಗೇ ನುಗ್ಗಿ ಜೋಸೆಫ್ ಸ್ಮಿತ್‌ನನ್ನೂ ಅವನ ಅಣ್ಣ ಹೈರಮ್‌ನನ್ನೂ ಗುಂಡಿಟ್ಟು ಕೊಂದಿತು. ಈ ಹೈರಮ್‌ನ ಹೆಂಡತಿಯೇ ಮೇರಿ.

ಆಗ ಮಗ ಜೋಸೆಫ್‌ಗೆ ಐದು ವರ್ಷ, ತಂಗಿ ಮಾರ್ತಾಗೆ ಮೂರು. ತೀರಿಕೊಂಡಿದ್ದ ಮೊದಲ ಹೆಂಡತಿಯ ಮಕ್ಕಳನ್ನೂ ಮೇರಿಯೇ ಸಾಕುತ್ತಿದ್ದಳು. 1846ರಲ್ಲಿ ಎಲ್ಲರೂ ಊರು ಬಿಡಬೇಕಾಯಿತು. ಕಟ್ಟಿದ ಮನೆ, ಹೊಲ ಎಲ್ಲಾ ಅಲ್ಲೇ ಬಿಟ್ಟು ಮಿಸ್ಸಿಸ್ಸಿಪ್ಪಿ ನದಿ ದಾಟಿದರು. ದಾರಿಯಲ್ಲಿ ಮಿಸೌರಿ ನದಿಯ ಪಕ್ಕ ವಿಂಟರ್ ಕ್ವಾರ್ಟರ್ಸ್ ಎಂಬಲ್ಲಿ ಗುಡಿಸಲು ಹಾಕಿಕೊಂಡು ಇದ್ದರು. ಚಳಿ, ಕಾಯಿಲೆ, ಊಟದ ಕೊರತೆಯಿಂದ ಅಲ್ಲಿ ನೂರಾರು ಜನ ಸತ್ತರು.

1847ರಲ್ಲಿ ಬ್ರಿಗಮ್ ಯಂಗ್ ಎಂಬ ನಾಯಕನ ಜೊತೆ ಮೊದಲ ತಂಡ ಪಶ್ಚಿಮಕ್ಕೆ ಹೊರಟಿತು. ಲೆಕ್ಕ ಇಷ್ಟಪಡುವವರಿಗೆ ಇಲ್ಲೊಂದು ವಿಷಯ. ದಿನಕ್ಕೆ ಎಷ್ಟು ದೂರ ಬಂದೆವು ಎಂದು ತಂಡದಲ್ಲಿ ರೋಜು ವಾದ. ವಿಲಿಯಂ ಕ್ಲೇಟನ್ ಎಂಬುವನು ಗಾಡಿಯ ಚಕ್ರದ ಸುತ್ತಳತೆ ತೆಗೆದ. 14 ಅಡಿ 8 ಅಂಗುಲ ಬಂತು. ಅದನ್ನು 360ರಿಂದ ಗುಣಿಸಿ ನೋಡಿ, ಸರಿಯಾಗಿ 5,280 ಅಡಿ, ಅಂದರೆ ಒಂದು ಮೈಲಿ! ಚಕ್ರಕ್ಕೆ ಕೆಂಪು ಬಟ್ಟೆ ಕಟ್ಟಿ, ಅದು ಮೇಲೆ ಬಂದಾಗಲೆಲ್ಲ ಎಣಿಸುತ್ತಾ ನಡೆದ. ಮೊದಲನೇ ದಿನ 4,070 ಸುತ್ತು. ಎಷ್ಟು ಮೈಲಿ ಎಂದು ನೀವೇ ಭಾಗಿಸಿ. ಪಾಪ, ಎಣಿಸಿ ಎಣಿಸಿ ಸಾಕಾಗಿ, ಆಮೇಲೆ ತಾನಾಗಿಯೇ ಎಣಿಸುವ ಹಲ್ಲುಚಕ್ರದ ಯಂತ್ರವನ್ನು ಮರದಲ್ಲಿ ಮಾಡಿಸಿದರು.

ಮೇರಿಯ ಸರದಿ ಬಂದದ್ದು 1848ರ ಬೇಸಿಗೆಯಲ್ಲಿ. ಹೋಗಬೇಕಾದ ಸಾಲ್ಟ್ ಲೇಕ್ ಕಣಿವೆ ಸುಮಾರು 1,650 ಕಿಲೋಮೀಟರ್ ದೂರ. ಆಕೆಯ ಹತ್ತಿರ ಸಾಕಷ್ಟು ಎತ್ತುಗಳೇ ಇರಲಿಲ್ಲ. ಹಸುಗಳಿಗೂ, ಪಳಗದ ಹೋರಿಗಳಿಗೂ ನೊಗ ಹಾಕಿದರು. ಇದನ್ನು ನಮ್ಮ ತಾತನಿಗೆ ಹೇಳಿದೆ. ತಾತ ನಕ್ಕು, "ಪಳಗದ ಹೋರಿ ಕಟ್ಟಿದ್ರೆ ಗಾಡಿ ರಸ್ತೇಲಿ ಹೋಗಲ್ಲ ಕಣೋ, ಗದ್ದೆಗೆ ಇಳೀತದೆ" ಅಂದರು.

ತಂಡದ ಕ್ಯಾಪ್ಟನ್ ಕೂಡ ಇದನ್ನು ನೋಡಿಯೇ, ನೀನು ಹಿಂದಕ್ಕೆ ಹೋಗು, ಬಂದರೆ ದಾರಿಯುದ್ದಕ್ಕೂ ನಮಗೆ ಹೊರೆಯಾಗುತ್ತೀ ಅಂದನಂತೆ. ಮೇರಿ ಅಳಲಿಲ್ಲ. ನಿನ್ನ ಸಹಾಯ ಒಂದಿಷ್ಟೂ ಕೇಳುವುದಿಲ್ಲ, ನಿನಗಿಂತ ಮುಂಚೆ ಕಣಿವೆ ಸೇರುತ್ತೇನೆ ಎಂದಳಂತೆ. ಇದನ್ನೆಲ್ಲ ಮಗ ಜೋಸೆಫ್ ದೊಡ್ಡವನಾದ ಮೇಲೆ ಹೇಳಿದ್ದಾನೆ.

ಒಂದು ಗಾಡಿ ಹೊಡೆದವನು ಈ ಜೋಸೆಫ್. ಅವನಿಗೆ ಇನ್ನೂ ಹತ್ತು ತುಂಬಿರಲಿಲ್ಲ. ನಮ್ಮ ಶಾಲೆಯಲ್ಲಾದರೆ ನಾಲ್ಕನೇ ತರಗತಿ! ಅಲ್ಲಿ ಗಾಡಿ ಹೊಡೆಯುವವನು ನಮ್ಮ ಹಾಗೆ ಮೇಲೆ ಕೂರುವುದಿಲ್ಲ. ಎತ್ತಿನ ಎಡಗಡೆ ನಡೆಯುತ್ತಾ ಬಲಕ್ಕೆ 'ಜೀ', ಎಡಕ್ಕೆ 'ಹಾ' ಎಂದು ಕೂಗಬೇಕು. ಗಾಡಿ ತುಂಬ ಹಿಟ್ಟು, ಪಾತ್ರೆ, ಹಾಸಿಗೆ ಇರುವುದರಿಂದ ಹೆಂಗಸರು ಮಕ್ಕಳೂ ನಡೆದೇ ಹೋಗುತ್ತಿದ್ದರು. ಬಯಲಲ್ಲಿ ಸೌದೆ ಸಿಗದ ಕಡೆ ಬೈಸನ್ ಎಂಬ, ನಮ್ಮ ಕಾಟಿಯಂಥ ಪ್ರಾಣಿಯ ಒಣಗಿದ ಸಗಣಿ ಆರಿಸಿ ತಂದು ಒಲೆ ಹಚ್ಚುತ್ತಿದ್ದರು. ಬೆರಣಿ ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದೆ!

ಸೆಪ್ಟೆಂಬರ್ ಕೊನೆಗೆ ಕಡೆಯ ಬೆಟ್ಟಗಳ ಹತ್ತಿರ ಬಂದರು. ಬೆಳಿಗ್ಗೆ ಎದ್ದರೆ ಮೇರಿಯ ದನಗಳೇ ಇಲ್ಲ. ಕ್ಯಾಪ್ಟನ್ ಕಾಯಲಿಲ್ಲ, ಉಳಿದವರನ್ನು ಹೊರಡಿಸಿಬಿಟ್ಟ. ಅವರು ಬೆಟ್ಟ ಹತ್ತುವಾಗ ಜೋರು ಮಳೆ ಗಾಳಿ ಬಂತು. ಎತ್ತುಗಳು ಎಳೆಯದೆ ನಿಂತವು. ನೊಗ ಬಿಚ್ಚಿದ್ದೇ ತಡ, ದನ ಚೆಲ್ಲಾಪಿಲ್ಲಿ. ಅಷ್ಟರಲ್ಲಿ ಮೇರಿಯ ದನ ಸಿಕ್ಕವು. ಅವರಿಗಾಗಿ ನಿಲ್ಲೋಣವೇ ಎಂದು ಆಕೆಯ ಅಣ್ಣ ಕೇಳಿದ. ಅವರು ನಮಗಾಗಿ ನಿಂತರೇನು, ಕಟ್ಟು ಗಾಡಿ ಅಂದಳು. ಸೆಪ್ಟೆಂಬರ್ 23ರ ರಾತ್ರಿ ಕಣಿವೆ ಸೇರಿದಳು. ಕ್ಯಾಪ್ಟನ್ ಬಂದದ್ದು ಮಾರನೇ ದಿನ. ನಿಲ್ಲಬೇಕಿತ್ತು ಅಂತ ನನ್ನ ಅಕ್ಕ ಹೇಳ್ತಾಳೆ. ನಾನಾದರೆ ನಿಲ್ಲುತ್ತಿರಲಿಲ್ಲ.

ಇನ್ನೊಂದು ಮಾತು. ಅವರು ಹೋಗಿ ನೆಲೆಸಿದ ಜಾಗ ಖಾಲಿ ಇರಲಿಲ್ಲ. ವಿಂಟರ್ ಕ್ವಾರ್ಟರ್ಸ್ ಇದ್ದದ್ದು ಒಮಾಹ ಎಂಬ ಮೂಲನಿವಾಸಿಗಳ ನೆಲದಲ್ಲಿ. ಸಾಲ್ಟ್ ಲೇಕ್ ಕಡೆ ಯೂಟ್, ಶೋಶೋನಿ ಜನ ಮೊದಲಿನಿಂದ ಬದುಕುತ್ತಿದ್ದರು. ಬಿಳಿಯರು ಬರುತ್ತಾ ಬರುತ್ತಾ ಅವರ ನೆಲ ಕೈತಪ್ಪಿತು. ಊರಿಂದ ಓಡಿಸಿಕೊಂಡು ಬಂದವರಿಗೆ ಇದು ತಿಳಿಯಲಿಲ್ಲವೇ ಎಂದು ನನಗೆ ಅನಿಸುತ್ತದೆ.

1869ರಲ್ಲಿ ರೈಲು ಬರುವ ತನಕ ಸುಮಾರು 70 ಸಾವಿರ ಮಾರ್ಮನ್ನರು ಹೀಗೆ ಹೋದರು. ಗಾಡಿ ಕೊಳ್ಳಲು ದುಡ್ಡಿಲ್ಲದವರು 1856ರಿಂದ ಕೈಗಾಡಿಗೆ ಸಾಮಾನು ಹಾಕಿ ತಾವೇ ಎಳೆದರು. ಆ ವರ್ಷ ತಡವಾಗಿ ಹೊರಟ ಎರಡು ತಂಡಗಳಲ್ಲಿ ಹಿಮಕ್ಕೆ ಸಿಕ್ಕಿ 200ಕ್ಕೂ ಹೆಚ್ಚು ಜನ ಸತ್ತರು.

ಮೇರಿ ಅಲ್ಲಿ ಹಸಿ ಇಟ್ಟಿಗೆಯ ಸಣ್ಣ ಮನೆ ಕಟ್ಟಿಕೊಂಡಳು. ಅದರಲ್ಲಿ ಹೆಚ್ಚು ದಿನ ಬಾಳಲಿಲ್ಲ. 1852ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಳು. ಆಗ ಜೋಸೆಫ್‌ಗೆ ಹದಿಮೂರು, ಈಗ ನನಗಿರುವಷ್ಟೇ ವಯಸ್ಸು. ಮುಂದೆ 1901ರಲ್ಲಿ ಅವನು ಆ ಪಂಥಕ್ಕೇ ಅಧ್ಯಕ್ಷನಾದ.

– ಏಳನೇ ತರಗತಿ